ಪ್ಯಾರಗಾನೂ ಅಲ್ಲ, ರೆನಿಗೇಡೂ ಅಲ್ಲ: ಹನ್ನೆರಡು ಜನರನ್ನೂ ಉಳಿಸಿಕೊಂಡ ಲೆಕ್ಕ

ಮಾಸ್ ಎಫೆಕ್ಟ್ 2 ಎಂಬ ವಿಡಿಯೋ ಗೇಮ್‌ನ ಕೊನೆಯ ಕಾರ್ಯಾಚರಣೆ ಸುಯಿಸೈಡ್ ಮಿಷನ್. ಅಲ್ಲಿಂದ ಇಡೀ ತಂಡ ಜೀವಂತ ವಾಪಸ್ ಬರಬೇಕಾದರೆ ನಾಯಕ ಶೆಪರ್ಡ್‌ನ ನೀಲಿ ಪಟ್ಟಿಯೋ (ಪ್ಯಾರಗಾನ್, ಅಂದರೆ ಒಳ್ಳೆಯತನದ ಅಂಕ) ಕೆಂಪು ಪಟ್ಟಿಯೋ (ರೆನಿಗೇಡ್, ಅಂದರೆ ಒರಟುತನದ ಅಂಕ) ತುಂಬಿ ತುಳುಕುತ್ತಿರಬೇಕು ಎಂಬುದು ಬಹಳ ಜನರ ನಂಬಿಕೆ. ನಡುದಾರಿಯಲ್ಲಿ ಆಡಿದರೆ ತಂಡದವರ ಜಗಳ ಬಿಡಿಸಲು ಆಗುವುದಿಲ್ಲ, ಇಬ್ಬರ ಲಾಯಲ್ಟಿ (ಶೆಪರ್ಡ್ ಮೇಲಿನ ನಿಷ್ಠೆ) ಹೋಗುತ್ತದೆ, ಹೋದವರು ಸಾಯುತ್ತಾರೆ ಎಂದು ನನಗೂ ಹೇಳಿದರು. ಮೊದಲ ಎರಡು ಮಾತು ನಿಜ. ಮೂರನೆಯದು ತಪ್ಪು. ಮಿರಾಂಡಾ ಮತ್ತು ಟಾಲಿ ಇಬ್ಬರೂ ಮುನಿಸಿಕೊಂಡಿದ್ದಾಗಲೇ ಹನ್ನೆರಡು ಜನರನ್ನೂ, ನಮ್ಮ ಹಡಗು ನಾರ್ಮಂಡಿಯ ಸಿಬ್ಬಂದಿಯನ್ನೂ ಶತ್ರುನೆಲೆಯ ಹೆಬ್ಬಾಗಿಲಾದ ಓಮೆಗಾ 4 ರಿಲೇ ದಾಟಿಸಿ ಕರೆತಂದಿದ್ದೇನೆ. ಅದಕ್ಕೆ ನಾಲ್ಕು ಸುತ್ತು ಕೆಟ್ಟವು, ಐದನೆಯದು ಕೂಡಿಬಂತು.

ಆಟ ಮುಗಿಸದವರು ಇಲ್ಲಿಗೇ ನಿಲ್ಲಿಸಿ. ಮುಂದಿರುವುದೆಲ್ಲ ಮುಕ್ತಾಯದ್ದೇ ವಿಷಯ.

ಮೊದಲು ಖರ್ಚಿನ ಮಾತು. ಹಡಗಿಗೆ ಮೂರು ಅಪ್‌ಗ್ರೇಡ್ ಬೇಕೇ ಬೇಕು: ಜೇಕಬ್ ಹೇಳುವ ಹೊರಕವಚ, ಟಾಲಿ ಹೇಳುವ ಶೀಲ್ಡ್, ಗ್ಯಾರಸ್ ಹೇಳುವ ಥೇನಿಕ್ಸ್ ಫಿರಂಗಿ. ಕವಚಕ್ಕೂ ಶೀಲ್ಡ್‌ಗೂ ಸುಮಾರು 15,000 ಪಲೇಡಿಯಂ (ಗ್ರಹಗಳಿಂದ ತೆಗೆಯುವ ಖನಿಜ), ಫಿರಂಗಿಗೆ ಅಷ್ಟೇ ಪ್ಲಾಟಿನಂ. ಇವರನ್ನು ಮಾತಾಡಿಸದೆ ಬಿಟ್ಟರೆ ಅಪ್‌ಗ್ರೇಡ್ ಸಂಶೋಧನೆಯ ಪಟ್ಟಿಗೇ ಬರುವುದಿಲ್ಲ. ಮೊದಲ ಸುತ್ತಿನಲ್ಲಿ ಪಲೇಡಿಯಂ ಎಲ್ಲವನ್ನೂ ಬೇರೆ ಸಂಶೋಧನೆಗಳಿಗೆ ಸುರಿದು ಹಡಗಿನ ಕವಚವನ್ನು ಮುಂದೂಡಿದ್ದೆ. ರಿಲೇ ದಾಟುತ್ತಿದ್ದಂತೆ ಜ್ಯಾಕ್ ಸತ್ತಳು. ಅದು ದುರದೃಷ್ಟವಲ್ಲ, ಕವಚ ಇಲ್ಲದಿದ್ದರೆ ಸಾಯುವುದು ಅವಳೇ. ಶೀಲ್ಡ್ ಇಲ್ಲದಿದ್ದರೆ ಸರದಿ ಕಸುಮಿಯಿಂದ ಶುರು, ನಂತರ ಲೀಜನ್, ಟಾಲಿ. ಫಿರಂಗಿ ಇಲ್ಲದಿದ್ದರೆ ಥೇನ್ ಮೊದಲು, ಆಮೇಲೆ ಗ್ಯಾರಸ್.

ಆದ್ದರಿಂದ ಪಲೇಡಿಯಂ 30,000 ಕೂಡುವ ತನಕ ಬೇರೆ ಯಾವುದಕ್ಕೂ ಮುಟ್ಟಬೇಡಿ. ಇರಿಡಿಯಂ ರಾಶಿ ಬೀಳುತ್ತದೆ, ಅದರ ಚಿಂತೆ ಬೇಡ. ಖನಿಜ ತೆಗೆಯಲು ಗ್ರಹಕ್ಕೆ ಇಳಿಸುವ ಪ್ರೋಬ್ ಒಂದಕ್ಕೆ 20 ಕ್ರೆಡಿಟ್ ಇರಬೇಕು. ಅಗ್ಗವೆಂದು ಬಡ ಗ್ರಹಗಳಿಗೂ ಸುರಿದರೆ ಹೋಗುವುದು ಕ್ರೆಡಿಟ್‌ಗಿಂತ ಹೆಚ್ಚಾಗಿ ಗಂಟೆಗಳು. 'ರಿಚ್' ಎಂದು ತೋರಿಸುವ ಗ್ರಹಗಳಲ್ಲಿ ಮಾತ್ರ ಇಳಿಸಿ, ಗ್ರಾಫ್‌ನ ಗೆರೆ ಮೇಲಿನ ಅಂಚು ಮುಟ್ಟಿದಾಗ ಮಾತ್ರ ಬಿಡಿ. ಮೊದಲು ಮಿರಾಂಡಾ ಕಡೆಯಿಂದ ಸ್ಕ್ಯಾನರ್ ಅಪ್‌ಗ್ರೇಡ್ ಮಾಡಿಸಿಕೊಂಡರೆ ಕೈ ನೋವು ಕಡಿಮೆ. ಪಲೇಡಿಯಂ ಹೆಚ್ಚಿರುವ ಗ್ರಹಗಳದ್ದೊಂದು ಪಟ್ಟಿ ನನ್ನ ಹತ್ತಿರ ಇದೆ, ಅದು ನನ್ನ ಹತ್ತಿರವೇ ಇರಲಿ. ಹುಡುಕುವುದೂ ಆಟದ ಭಾಗ.

ಇನ್ನು ನಡುದಾರಿಯ ತೊಡಕು. ಈ ಆಟದಲ್ಲಿ ಮನವೊಲಿಸುವ ಶಕ್ತಿ ನಿಂತಿರುವುದು ಅಂಕಗಳ ಮೊತ್ತದ ಮೇಲಲ್ಲ. ಅಲ್ಲಿಯವರೆಗೆ ಸಿಗಬಹುದಾಗಿದ್ದ ಅಂಕಗಳಲ್ಲಿ ಎಷ್ಟು ಪಾಲು ಪಡೆದಿರಿ ಎಂಬುದರ ಮೇಲೆ. ಅರ್ಧ ಒಳ್ಳೆಯವನು, ಅರ್ಧ ಒರಟ ಎಂದು ಆಡಿದವರಿಗೆ ಜ್ಯಾಕ್–ಮಿರಾಂಡಾ ಜಗಳದಲ್ಲೂ ಟಾಲಿ–ಲೀಜನ್ ಜಗಳದಲ್ಲೂ ಮನವೊಲಿಸುವ ನೀಲಿ, ಕೆಂಪು ಮಾತಿನ ಸಾಲುಗಳು ಮಂಕಾಗಿಯೇ ಇರುತ್ತವೆ. ಒಬ್ಬರ ಪಕ್ಷ ಹಿಡಿಯಲೇಬೇಕು. ನಾನು ಜ್ಯಾಕ್ ಪಕ್ಷ ಹಿಡಿದೆ, ಲೀಜನ್ ಪಕ್ಷ ಹಿಡಿದೆ. ಜಾಯೀದ್‌ನ ಲಾಯಲ್ಟಿ ಗಳಿಸುವ ಮಿಷನ್‌ನಲ್ಲಿ ಕಾರ್ಮಿಕರನ್ನು ಉಳಿಸಿ ಆಮೇಲೆ ಅವನನ್ನೂ ಸಮಾಧಾನ ಮಾಡುವ ದಾರಿ ನಡುದಾರಿಯವರಿಗೆ ಇಲ್ಲ. ಕಾರ್ಖಾನೆ ಉರಿಯುತ್ತಿದ್ದರೂ ಜಾಯೀದ್‌ನ ಹಳೆಯ ಶತ್ರು ವೀಡೋನನ್ನೇ ಬೆನ್ನಟ್ಟಬೇಕು. ಇಡೀ ಯೋಜನೆಯಲ್ಲಿ ನನಗೆ ಇಂದಿಗೂ ಕಸಿವಿಸಿಯಾಗುವ ಆಯ್ಕೆ ಅದೊಂದೇ. ಟಾಲಿಯ ವಿಚಾರಣೆಯಲ್ಲಿ ತಂದೆಯ ವಿರುದ್ಧದ ಸಾಕ್ಷ್ಯವನ್ನು ಬಯಲು ಮಾಡಬಾರದು, ಮಾಡಿದರೆ ಲೀಜನ್ ಬರುವ ಮೊದಲೇ ಅವಳು ಕೈಬಿಟ್ಟುಹೋಗುತ್ತಾಳೆ.

ಈಗ ನಿಜವಾದ ಲೆಕ್ಕ. ಕೊನೆಯಲ್ಲಿ ಶೆಪರ್ಡ್ ಇಬ್ಬರನ್ನು ಕರೆದುಕೊಂಡು ಒಳಗೆ ಹೋದಾಗ ಉಳಿದವರು ಬಾಗಿಲು ಕಾಯುತ್ತಾರಲ್ಲ, ಅಲ್ಲಿ ಆಟ ಪ್ರತಿಯೊಬ್ಬರಿಗೂ ಒಂದು ಅಂಕ ಹಾಕಿ ಸರಾಸರಿ ತೆಗೆಯುತ್ತದೆ. ಗ್ರಂಟ್, ಜಾಯೀದ್, ಗ್ಯಾರಸ್‌ಗೆ ತಲಾ 4. ಥೇನ್, ಲೀಜನ್, ಸಮಾರಾ, ಜೇಕಬ್, ಮಿರಾಂಡಾಗೆ 2. ಜ್ಯಾಕ್, ಕಸುಮಿ, ಟಾಲಿ, ಮೋರ್ಡಿನ್‌ಗೆ 1. ಲಾಯಲ್ಟಿ ಇಲ್ಲದವರಿಗೆ ಒಂದು ಕಡಿತ. ಐದು ಅಥವಾ ಹೆಚ್ಚು ಜನ ಕಾಯುತ್ತಿದ್ದರೆ ಸರಾಸರಿ 2 ಮುಟ್ಟಿದರೆ ಸಾಕು, ಲಾಯಲ್ಟಿ ಇಲ್ಲದವರೂ ಬದುಕುತ್ತಾರೆ. ಅನುಮಾನಪಟ್ಟವರು ಗಮನಿಸದೆ ಹೋದದ್ದು ಇದನ್ನೇ. ಲಾಯಲ್ಟಿ ಹೋದವರು ಬಾಗಿಲಲ್ಲಿ ನಿಂತರೆ ತಂಡದ ಅಂಕದಿಂದ ಒಂದು ಕಳೆಯುತ್ತಾರೆ, ಅಷ್ಟೇ. ಅವರನ್ನು ಒಂಟಿ ಹೊಣೆಗೆ ಹಾಕಿದಾಗ, ಅಥವಾ ಕೊನೆಯ ಕಾಳಗಕ್ಕೆ ಒಳಗೆ ಕರೆದೊಯ್ದಾಗ ಮಾತ್ರ ಸಾವು ಗಟ್ಟಿ.

ನನ್ನ ಹಂಚಿಕೆ ಹೀಗಿತ್ತು. ಶತ್ರುನೆಲೆಯ ಬಾಗಿಲು ತೆರೆಯಲು ಕೊಳವೆಯೊಳಗೆ ನುಸುಳುವುದು ಕಸುಮಿ, ತಂಡ ಎರಡಾಗುವ ಎರಡೂ ಸಲ ಎರಡನೇ ತಂಡದ ನಾಯಕ ಗ್ಯಾರಸ್, ಹುಳುಗಳ ಹಿಂಡನ್ನು ತಡೆಯುವ ಬಯೋಟಿಕ್ (ಮನಶ್ಶಕ್ತಿಯ) ಗುಳ್ಳೆಗೆ ಜ್ಯಾಕ್, ಸಿಬ್ಬಂದಿಯನ್ನು ಹಡಗಿಗೆ ತಲುಪಿಸಲು ಮೋರ್ಡಿನ್, ಕೊನೆಗೆ ಶೆಪರ್ಡ್ ಜೊತೆ ಕಸುಮಿ ಮತ್ತು ಜ್ಯಾಕ್. ಬಾಗಿಲಲ್ಲಿ ಉಳಿದವರು ಒಂಬತ್ತು ಜನ. ಗ್ಯಾರಸ್, ಗ್ರಂಟ್, ಜಾಯೀದ್ ಸೇರಿ 12. ಥೇನ್, ಲೀಜನ್, ಸಮಾರಾ, ಜೇಕಬ್ ಸೇರಿ 8. ಮಿರಾಂಡಾ 1, ಟಾಲಿ ಸೊನ್ನೆ. ಒಟ್ಟು 21, ಸರಾಸರಿ 2.3. ಧಾರಾಳ.

ಇದೇ ಜನರನ್ನು ಇಟ್ಟುಕೊಂಡು ಮೂರನೇ ಸುತ್ತಿನಲ್ಲಿ ಕೆಟ್ಟದ್ದು ಹೇಗೆ ಗೊತ್ತೇ? ಕೊನೆಯ ಕಾಳಗ ಕಷ್ಟ ಎಂದು ಗ್ಯಾರಸ್, ಗ್ರಂಟ್ ಇಬ್ಬರನ್ನೂ ಒಳಗೆ ಕರೆದುಕೊಂಡೆ, ಜಾಯೀದ್‌ನನ್ನು ಸಿಬ್ಬಂದಿಯ ಕಾವಲಿಗೆ ಕಳಿಸಿದೆ. ಬಾಗಿಲಲ್ಲಿ 4 ಅಂಕದವರು ಒಬ್ಬರೂ ಇಲ್ಲ. ಒಂಬತ್ತು ಜನಕ್ಕೆ 12 ಅಂಕ, ಸರಾಸರಿ 1.3. ಟಾಲಿ ಸೇರಿ ಇಬ್ಬರು ಹೋದರು. ಬಲಶಾಲಿಗಳನ್ನು ನಾಯಕನ ಪಕ್ಕದಲ್ಲಿ ಇಟ್ಟುಕೊಳ್ಳಬೇಕು ಎಂದು ಕೈ ತಾನಾಗಿ ಹೇಳುತ್ತದೆ, ಅದನ್ನು ಕೇಳಬಾರದು. ಬಲಶಾಲಿಗಳು ಹಿಂದೆ, ಕಡಿಮೆ ಅಂಕದ ನಂಬಿಗಸ್ತರು ಒಳಗೆ ಅಥವಾ ಕಾವಲಿಗೆ.

ಎರಡನೇ ಸುತ್ತು ಕೆಟ್ಟದ್ದು ಕೊಳವೆಯಲ್ಲಿ. ಟಾಲಿಗೆ ತಂತ್ರಜ್ಞಾನ ಗೊತ್ತು ನಿಜ, ಆದರೆ ಲಾಯಲ್ಟಿ ಹೋದ ಟಾಲಿ ಬಾಗಿಲು ಮುಚ್ಚುವಾಗ ಬಲಿ. ಒಳಗೆ ಸರಿಯಾದವರನ್ನೇ ಕಳಿಸಿ ಹೊರಗಿನ ನಾಯಕನನ್ನು ತಪ್ಪಾಗಿ ಆರಿಸಿದರೂ ಸಾಯುವುದು ಕೊಳವೆಯವರೇ. ಹಾಗಾಗಿ ಸತ್ತವರನ್ನು ನೋಡಿ ತಪ್ಪು ಎಲ್ಲಿ ಎಂದು ಊಹಿಸಲು ಹೋದರೆ ದಾರಿ ತಪ್ಪುತ್ತೀರಿ. ಆಟದ ಮಾತುಗಳೂ ಕೆಲವೊಮ್ಮೆ ದಾರಿ ತಪ್ಪಿಸುತ್ತವೆ. ಗುಳ್ಳೆಯ ಕೆಲಸ ಯಾವ ಬಯೋಟಿಕ್ ಬೇಕಾದರೂ ಮಾಡಬಹುದು ಎಂದು ಮಿರಾಂಡಾ ಹೇಳುತ್ತಾಳೆ. ನಂಬಬೇಡಿ. ಜ್ಯಾಕ್, ಸಮಾರಾ, ಇಲ್ಲವೇ ಸಮಾರಾ ಬದಲಿಗೆ ಬಂದ ಮೊರಿಂತ್, ಈ ಮೂವರೇ ಅದಕ್ಕೆ. ಬೇರೆಯವರನ್ನು ಹಾಕಿದರೆ ನಿಮ್ಮ ಜೊತೆ ನಡೆಯುತ್ತಿರುವ ಒಬ್ಬರನ್ನು ಹುಳುಗಳ ಹಿಂಡು ಎತ್ತಿಕೊಂಡು ಹೋಗುತ್ತದೆ. ನಾಲ್ಕನೇ ಸುತ್ತು ಹೋದದ್ದು ಅಲ್ಲೇ.

ಸಿಬ್ಬಂದಿಯದ್ದು ಬೇರೆ ಲೆಕ್ಕ, ಅದು ಸಮಯದ್ದು. ಶತ್ರುಗಳು ಅವರನ್ನು ಅಪಹರಿಸಿದ ಮೇಲೆ ಒಂದೂ ಮಿಷನ್ ಮಾಡದೆ ರಿಲೇಗೆ ಹೋದರೆ ಎಲ್ಲರೂ ಉಳಿಯುತ್ತಾರೆ. ಒಂದರಿಂದ ಮೂರು ಮಾಡಿದರೆ ಅರ್ಧ ಜನ. ಅದಕ್ಕೂ ಮೀರಿದರೆ ಡಾಕ್ಟರ್ ಚಾಕ್ವಾಸ್ ಮಾತ್ರ. ಆದ್ದರಿಂದ ಲೀಜನ್ ಒಬ್ಬನದು ಬಿಟ್ಟು ಉಳಿದ ಲಾಯಲ್ಟಿ ಮಿಷನ್‌ಗಳನ್ನೆಲ್ಲ ರೀಪರ್ ಐಎಫ್‌ಎಫ್ (ರಿಲೇ ದಾಟಲು ಬೇಕಾದ ಸಾಧನ, ಇದನ್ನು ತಂದ ಮೇಲೆಯೇ ಅಪಹರಣ ನಡೆಯುವುದು) ತರುವ ಮೊದಲೇ ಮುಗಿಸಿ. ತಂದ ತಕ್ಷಣ ಲೀಜನ್‌ನನ್ನು ಎಬ್ಬಿಸಿ, ಮಾತಾಡಿಸಿ, ನೇರ ಅವನ ಮಿಷನ್‌ಗೆ ಹೋಗಿ. ನಡುವೆ ಇನ್ನೊಂದು ಗ್ರಹಕ್ಕೆ ಇಳಿಯಬೇಡಿ.

ಕಸುಮಿ, ಜಾಯೀದ್ ಇಲ್ಲದ ಹಳೆಯ ಪ್ರತಿ ಇರುವವರು ಹಣದ ಬಗ್ಗೆ ಕೇಳುತ್ತಾರೆ. 2010ರ ಪ್ರತಿಯಲ್ಲಿ ಜಾಯೀದ್ ಹೊಸದಾಗಿ ಕೊಂಡವರಿಗೆ ಪುಕ್ಕಟೆ, ಕಸುಮಿಗೆ ಬೇರೆ ದುಡ್ಡು. 2021ರ ಲೆಜೆಂಡರಿ ಎಡಿಷನ್‌ನಲ್ಲಿ ಇಬ್ಬರೂ ಒಳಗೇ ಇದ್ದಾರೆ. ಆದರೆ ಈ ಮುಕ್ತಾಯಕ್ಕಾಗಿ ಅವರನ್ನು ಕೊಳ್ಳಬೇಕಿಲ್ಲ. ಲೀಜನ್ ಕೊಳವೆಗೆ, ಲೀಜನ್ ಮತ್ತು ಜ್ಯಾಕ್ ಒಳಗೆ, ಮೋರ್ಡಿನ್ ಕಾವಲಿಗೆ ಎಂದಿಟ್ಟುಕೊಳ್ಳಿ. ಬಾಗಿಲಲ್ಲಿ ಏಳು ಜನ, 15 ಅಂಕ, ಸರಾಸರಿ 2.1. ನಡೆಯುತ್ತದೆ.

ಇದು ಸಿದ್ಧಿಸಿದ ಮೇಲೆ ಸುಮ್ಮನಿರಲಾಗಲಿಲ್ಲ. ಇನ್ನೆಷ್ಟು ಜನರ ಮುನಿಸನ್ನು ತಂಡ ತಾಳುತ್ತದೆ ನೋಡೋಣ ಎಂದು ಸಮಾರಾ, ಜೇಕಬ್ ಇಬ್ಬರ ಮಿಷನ್‌ಗಳನ್ನೂ ಬಿಟ್ಟೆ. 19 ಅಂಕ, ಸರಾಸರಿ 2.1. ಎಲ್ಲರೂ ಬಂದರು. ಥೇನ್‌ನದ್ದನ್ನೂ ಬಿಟ್ಟರೆ ಸರಿಯಾಗಿ 18, ಸರಿಯಾಗಿ 2. ಆ ಅಂಚಿನಲ್ಲಿ ನಿಲ್ಲುವ ಧೈರ್ಯ ಇರುವವರು ನಿಲ್ಲಲಿ. ಇನ್ನೊಂದು ಪ್ರಯೋಗದಲ್ಲಿ ಲಾಯಲ್ಟಿ ಇಲ್ಲದ ಮಿರಾಂಡಾಳನ್ನೇ ಎರಡನೇ ಸಲದ ತಂಡಕ್ಕೆ ನಾಯಕಿ ಮಾಡಿ ಕಳಿಸಿದೆ. ಕೂದಲೂ ಕೊಂಕದೆ ಬಂದಳು. ಆ ಜಾಗದಲ್ಲಿ ಅವಳೊಬ್ಬಳಿಗೆ ಆ ವಿನಾಯಿತಿ ಇದೆ. ಜೇಕಬ್, ಗ್ಯಾರಸ್‌ಗೆ ಇಲ್ಲ. ಗುಳ್ಳೆಯೊಳಗಿನ ನಡಿಗೆಯಲ್ಲಿ ಯಾರನ್ನು ಜೊತೆಗಿಟ್ಟುಕೊಂಡರೆ ಮದ್ದುಗುಂಡು ಉಳಿಯುತ್ತದೆ ಎಂಬ ಉಪಾಯವನ್ನು ಮಾತ್ರ ಸದ್ಯಕ್ಕೆ ಬಿಟ್ಟುಕೊಡುವುದಿಲ್ಲ.

ತದ್ವಿರುದ್ಧವಾದದ್ದನ್ನೂ ನೋಡಬೇಕೆನಿಸಿದರೆ ಬೇರೆ ಸೇವ್‌ನಲ್ಲಿ ನೋಡಿ. ಕನಿಷ್ಠ ಇಬ್ಬರು ಬದುಕದಿದ್ದರೆ ಕೊನೆಯ ನೆಗೆತದಲ್ಲಿ ಶೆಪರ್ಡ್‌ನ ಕೈ ಹಿಡಿಯುವವರು ಇರುವುದಿಲ್ಲ, ಅವನೂ ಸಾಯುತ್ತಾನೆ. ಆ ಸೇವ್ ಮೂರನೇ ಭಾಗಕ್ಕೆ ಹೋಗುವುದಿಲ್ಲ. 2012ರಲ್ಲಿ ಬಂದ ಮೂರನೇ ಭಾಗದ ಮುಕ್ತಾಯಕ್ಕಿಂತ ನನಗೆ ಈ ಎರಡನೆಯದೇ ಮೇಲು ಎನಿಸುವುದಕ್ಕೂ ಕಾರಣ ಇಂಥದ್ದೇ. ಅಲ್ಲಿ ಕೊನೆಗೆ ಬಂದು ನಿಂತಾಗ ದಾರಿ ಆರಿಸುತ್ತೀರಿ. ಇಲ್ಲಿ ಮೂವತ್ತು ಗಂಟೆಗಳ ಹಿಂದೆ ಗ್ಯಾರಸ್‌ನನ್ನು ಮಾತಾಡಿಸಿದ್ದಿರೋ ಇಲ್ಲವೋ ಎಂಬುದು ಥೇನ್‌ನ ಜೀವ.

ರಿಲೇ ಒತ್ತುವ ಮುಂಚೆ ಒಂದು ಪ್ರತ್ಯೇಕ ಸೇವ್ ಇಡಿ, ಸ್ಕ್ವಾಡ್ ಪರದೆಯಲ್ಲಿ ಲಾಯಲ್ಟಿ ಯಾರದ್ದಿದೆ, ಯಾರದ್ದಿಲ್ಲ ಎಂದು ಹನ್ನೆರಡೂ ಜನರನ್ನು ಒಮ್ಮೆ ನೋಡಿಕೊಳ್ಳಿ, ಅಂಕಗಳನ್ನು ಒಂದು ಚೀಟಿಯಲ್ಲಿ ಕೂಡಿಸಿಕೊಳ್ಳಿ. ಜನರ ಸಂಖ್ಯೆಯ ಎರಡರಷ್ಟು ಬಂದರೆ ಹೊರಡಿ.