ಆಣೆ, ಪ್ರಮಾಣ, ಶಪಥ: ಯಾವ ಪದ ಎಲ್ಲಿಗೆ?

ಬೆಂಗಳೂರಿನ ಕಚೇರಿಯೊಂದರಲ್ಲಿ ‘ಪ್ರಮಾಣಪತ್ರ ತನ್ನಿ’ ಎಂದಾಗ ನಾನು ಜನನ ಪ್ರಮಾಣಪತ್ರವನ್ನು ಒಯ್ದಿದ್ದೆ. ಅವರಿಗೆ ಬೇಕಾಗಿದ್ದದ್ದು ಅಫಿಡವಿಟ್. ಎರಡಕ್ಕೂ ಒಂದೇ ಪದ ಚಲಾವಣೆಯಲ್ಲಿರುವುದರಿಂದ, ಅಫಿಡವಿಟ್ ಎಂಬ ಅರ್ಥದಲ್ಲಿ ಬರೆಯುವವರು ‘ಶಪಥಪತ್ರ’ ಎಂದೋ, ಎಲ್ಲರ ಬಾಯಲ್ಲಿರುವ ‘ಅಫಿಡವಿಟ್’ ಎಂದೋ ಬರೆಯುವುದು ಲೇಸು. ಅದರ ಒಳಗೂ ಕ್ರಿಯಾಪದದಲ್ಲಿ ಎಚ್ಚರ ಬೇಕು: ಹೇಳಿಕೆ ಕೊಡುವವರು ‘ಪ್ರಮಾಣ ಮಾಡಿ ಹೇಳುತ್ತೇನೆ’ ಎನ್ನಬೇಕು, ‘ಪ್ರಮಾಣೀಕರಿಸುತ್ತೇನೆ’ ಎಂಬುದು ಮತ್ತೊಬ್ಬರ ದಾಖಲೆಗೆ ಮುದ್ರೆ ಒತ್ತುವವರ ಮಾತು.

ಪ್ರಮಾಣ ಎಂದರೆ ಮೂಲದಲ್ಲಿ ಅಳತೆ. ಮಳೆಯ ಪ್ರಮಾಣ, ಉಪ್ಪಿನ ಪ್ರಮಾಣ ಎನ್ನುವಾಗ ಇರುವುದು ಅದೇ ಅರ್ಥ. ಸಾಕ್ಷ್ಯ, ಆಣೆ ಎಂಬ ಅರ್ಥಗಳು ಅದಕ್ಕೆ ಕೂಡಿಕೊಂಡಂಥವು. ರಾಜಭವನದ ಸುದ್ದಿ ಬರೆಯುವಾಗ ಸಚಿವರು ಪ್ರಮಾಣವಚನ ‘ಸ್ವೀಕರಿಸುತ್ತಾರೆ’, ರಾಜ್ಯಪಾಲರು ಅದನ್ನು ‘ಬೋಧಿಸುತ್ತಾರೆ’. ಸಂವಿಧಾನದ 164ನೇ ವಿಧಿಯಂತೆ ಅಧಿಕಾರಕ್ಕೊಂದು, ಗೋಪ್ಯತೆಗೊಂದು ಪ್ರಮಾಣವಿದೆ. 3ನೇ ಅನುಸೂಚಿಯು ದೇವರ ಹೆಸರನ್ನು ಹೇಳಲು ಇಚ್ಛಿಸದವರಿಗೆ ಸತ್ಯನಿಷ್ಠೆಯಿಂದ ದೃಢೀಕರಿಸುವ ದಾರಿಯನ್ನೂ ಇಟ್ಟಿರುವುದರಿಂದ, ಎಲ್ಲ ಸಚಿವರೂ ‘ದೇವರ ಮೇಲೆ ಆಣೆ ಮಾಡಿದರು’ ಎಂದು ಬರೆಯುವುದು ತಪ್ಪಾದೀತು.

ಶಪಥವು ಶಾಪದ ಒಡಹುಟ್ಟು. ಎರಡಕ್ಕೂ ಧಾತು ‘ಶಪ್’. ಮಾತು ತಪ್ಪಿದರೆ ಕೇಡು ತನಗೇ ತಗಲಲಿ ಎಂಬ ಛಾಯೆ ಅದರಲ್ಲಿದೆ, ಆದ್ದರಿಂದಲೇ ಸೇಡು, ಛಲಗಳ ಜೊತೆ ಅದು ಚೆನ್ನಾಗಿ ಹೊಂದುತ್ತದೆ. ದುಶ್ಶಾಸನನ ರಕ್ತ ಕುಡಿಯುವೆನೆಂದು ಭೀಮ ಮಾಡಿದ್ದು ಶಪಥ; ಮದುವೆಯಾಗುವುದಿಲ್ಲವೆಂದು ಭೀಷ್ಮ ಮಾಡಿದ್ದು ಪ್ರತಿಜ್ಞೆ. ಶಾಲೆಯ ಅಂಗಳದಲ್ಲಿ ಮಕ್ಕಳು ಕೈ ಚಾಚಿ ಹೇಳುವುದಕ್ಕೂ ಪ್ರತಿಜ್ಞೆಯೇ ಸರಿ, ಅಲ್ಲಿ ಶಪಥ ಎಂದರೆ ನಗು ಬರುತ್ತದೆ.

ಇವೆಲ್ಲಕ್ಕಿಂತ ಬಳಕೆಯಲ್ಲಿ ಸೊಗಸಾದದ್ದು ಆಣೆ. ಅದು ಷಷ್ಠೀ ವಿಭಕ್ತಿಗೆ ಅಂಟಿಕೊಂಡು ದೇವರಾಣೆ, ಅಮ್ಮನಾಣೆ ಎಂದಾಗುತ್ತದೆ. ‘ದೇವರಾಣೆಗೂ ನನಗೆ ಗೊತ್ತಿಲ್ಲ’ ಎಂಬಲ್ಲಿ ನಿರಾಕರಣೆಗೆ ಒತ್ತು ಕೊಡುತ್ತದೆ. ಮಲ್ಲೇಶ್ವರದ ನಮ್ಮ ಸೋದರತ್ತೆ ಬಾಗಿಲಿಗೆ ಅಡ್ಡ ನಿಂತು ‘ನನ್ನಾಣೆ, ಒಂದು ತುತ್ತು ತಿಂದು ಹೋಗು’ ಎಂದರೆ, ಆಣೆ ಇಟ್ಟವರು ಅವರು, ಕಟ್ಟು ಬಿದ್ದವನು ನಾನು. ಎದುರಿಗಿರುವವರನ್ನು ಹೀಗೆ ಕಟ್ಟಿಹಾಕುವ ಶಕ್ತಿ ಪ್ರಮಾಣಕ್ಕೂ ಇಲ್ಲ, ಶಪಥಕ್ಕೂ ಇಲ್ಲ. ಆದಕಾರಣ ಇಂಥ ಸಂಭಾಷಣೆಯನ್ನು ಬರೆಯುವಾಗ ಬೇರೆ ಪದವನ್ನು ಹುಡುಕಬೇಡಿ. ‘ಹದಿನಾರಾಣೆ ಸತ್ಯ’ ಎಂಬಲ್ಲಿರುವ ಆಣೆ ಮಾತ್ರ ಹಳೆಯ ನಾಣ್ಯ, ರೂಪಾಯಿಯ 16ನೇ ಒಂದು ಪಾಲು.

ದೇವರಿಗೆ ಷರತ್ತಿಟ್ಟು ಕೊಡುವ ಮಾತು ಹರಕೆ. ಅದನ್ನು ‘ಮಾಡಿದರು’ ಎನ್ನುವುದಕ್ಕಿಂತ ‘ಹೊತ್ತರು’ ಎಂದು ಬರೆಯಿರಿ. ಕೆಲಸ ಕೈಗೂಡಿದ ಮೇಲೆ ‘ತೀರಿಸಿದರು’ ಅಥವಾ ‘ಒಪ್ಪಿಸಿದರು’ ಎನ್ನಿ.