ಹಳೇ ‘ಮಿಷನ್: ಇಂಪಾಸಿಬಲ್’ ಸೀರಿಯಲ್ ನೋಡುವುದು ಹೇಗೆ

ಟಾಮ್ ಕ್ರೂಸ್ ಸಿನಿಮಾಗಳನ್ನು ಸ್ವಲ್ಪ ಹೊತ್ತು ಮರೆತುಬಿಡಿ. ನಾನು ಹೇಳುತ್ತಿರುವುದು 1966ರಿಂದ 1973ರವರೆಗೆ ಅಮೆರಿಕದ ಸಿಬಿಎಸ್‌ನಲ್ಲಿ ಬಂದ ಮೂಲ ಸೀರಿಯಲ್ ಬಗ್ಗೆ, ಗುಟ್ಟಾಗಿ ಕೆಲಸ ಮಾಡುವ ಏಜೆಂಟರ ತಂಡವೊಂದರ ಕಥೆ. ಏಳು ಸೀಸನ್, 171 ಎಪಿಸೋಡ್. ಎಲ್ಲದರಲ್ಲೂ ಹೆಚ್ಚುಕಡಿಮೆ ಅದೇ ಕಥೆ ಅಲ್ವಾ ಅಂದರೆ, ಹೌದು. ನನಗೆ ಇಷ್ಟ ಆಗಿದ್ದೇ ಅದಕ್ಕೆ.

ದಿನಕ್ಕೆ ಒಂದೇ ನೋಡಿ. ರಾತ್ರಿ ಊಟ ಆದ ಮೇಲೆ ಐವತ್ತು ನಿಮಿಷ, ಸಾಕು. ಒಂದೇ ಸಲ ನಾಲ್ಕು ನೋಡಿದರೆ ರುಚಿ ಕೆಡುತ್ತದೆ.

ಶುರುವಿನ ಭಾಗವನ್ನು ಮಾತ್ರ ಓಡಿಸಬೇಡಿ. ಬೆಂಕಿಕಡ್ಡಿ ಗೀರುವ ಆ ಕೈ ಸೀರಿಯಲ್ ಹುಟ್ಟುಹಾಕಿದ ಬ್ರೂಸ್ ಗೆಲ್ಲರ್ ಅವರದೇ. ಬತ್ತಿ ಉರಿಯುತ್ತಾ ಹೋಗುವಾಗ ಲಾಲೋ ಶಿಫ್ರಿನ್ ಸಂಗೀತ ಬರುತ್ತದೆ, ಐದರ ಲೆಕ್ಕದ ತಾಳ, ಖಂಡಛಾಪು ಗೊತ್ತಿದ್ದವರ ಕೈ ತಾನಾಗಿಯೇ ತೊಡೆ ತಟ್ಟುತ್ತದೆ. ಅದರ ಜೊತೆ ಮಿಂಚಿ ಹೋಗುವ ಚೂರುಗಳೆಲ್ಲ ಅವತ್ತಿನ ಎಪಿಸೋಡಿನವೇ, ನೆನಪಿಟ್ಟುಕೊಳ್ಳಿ. ಆಮೇಲೆ ತಂಡದ ಮುಖ್ಯಸ್ಥನಿಗೆ ಅವತ್ತಿನ ಕೆಲಸ ಹೇಳುವ ಟೇಪ್, ಐದು ಸೆಕೆಂಡಿನಲ್ಲಿ ಅದು ತಾನಾಗಿಯೇ ಸುಟ್ಟು ಹೊಗೆ.

ಮನೆಯೊಳಗೆ ತಂಡ ಕೂತು ಮಾತಾಡುವ ದೃಶ್ಯದಲ್ಲಿ ಫೋನ್ ಪಕ್ಕಕ್ಕಿಡಿ. ಪ್ಲಾನ್ ಏನು ಅಂತ ಯಾರೂ ಪೂರ್ತಿ ಹೇಳುವುದಿಲ್ಲ, ಒಂದು ಮುಖವಾಡ, ಒಂದು ಸಿರಿಂಜು, ತಂಡದ ಯಂತ್ರ ತಜ್ಞ ಬಾರ್ನಿ ಕೈಯಲ್ಲೊಂದು ಪೆಟ್ಟಿಗೆ, ಇಷ್ಟೇ ಕಾಣುತ್ತದೆ. ಯಾವುದು ಎಲ್ಲಿ ಬಳಕೆಗೆ ಬರುತ್ತದೆ ಅಂತ ಊಹಿಸುತ್ತಾ ಹೋಗಿ. ಗೆಲ್ಲುತ್ತಾರೆ ಅನ್ನುವುದು ಮೊದಲೇ ಗೊತ್ತು, ಹೇಗೆ ಅನ್ನುವುದರಲ್ಲಿ ಮಜಾ ಇದೆ.

ಮೊದಲ ಸೀಸನ್ನಿನ ‘ಆಪರೇಷನ್ ರೊಗೋಶ್’ ನೋಡಿ. ಲಾಸ್ ಏಂಜಲೀಸಿನಲ್ಲಿ ಜನರನ್ನು ಕೊಲ್ಲಲು ಸಂಚು ಹೂಡಿದವನು ಬಾಯಿ ಬಿಡಬೇಕು. ಹೊಡೆಯುವುದಿಲ್ಲ, ಬೆದರಿಸುವುದಿಲ್ಲ. ಅವನು ಕಣ್ಣು ಬಿಟ್ಟಾಗ ಜೈಲಿನಲ್ಲಿರುತ್ತಾನೆ, ಅದೂ ತನ್ನದೇ ದೇಶದ ಜೈಲು, ಮೂರು ವರ್ಷ ಕಳೆದುಹೋಗಿದೆ ಅಂತ ನಂಬಿಸುತ್ತಾರೆ. ಗೋಡೆ, ಕಾವಲು, ಪಕ್ಕದ ಕೈದಿ, ಎಲ್ಲ ಸುಳ್ಳು! ಅವನ ಮುಖದಲ್ಲಿ ನಂಬಿಕೆ ಸ್ವಲ್ಪ ಸ್ವಲ್ಪವೇ ಮೂಡುವುದನ್ನು ನೋಡುತ್ತಾ ಕೂರಬೇಕು.

ಪಾತ್ರಗಳ ಮನೆ, ಮದುವೆ, ಹಳೇ ನೋವು ಹುಡುಕಬೇಡಿ, ಸಿಗುವುದು ತೀರಾ ಅಪರೂಪ. ತಂಡದ ಮುಖ್ಯಸ್ಥನ ಪಾತ್ರದಲ್ಲಿದ್ದ ಸ್ಟೀವನ್ ಹಿಲ್ ಹೋಗಿ 1967ರಲ್ಲಿ ಹೊಸ ಮುಖ್ಯಸ್ಥನಾಗಿ ಪೀಟರ್ ಗ್ರೇವ್ಸ್ ಬಂದಾಗಲೂ ಸೀರಿಯಲ್ ಒಂದು ವಿವರಣೆ ಕೊಡಲಿಲ್ಲ. ಹೊಸಬರು ಎರಡು ಮತ್ತು ಮೂರನೇ ಸೀಸನ್ನಿನಿಂದ ಶುರು ಮಾಡಿದರೆ ಒಳ್ಳೆಯದು, ಮಾರ್ಟಿನ್ ಲ್ಯಾಂಡೌ, ಬಾರ್ಬರಾ ಬೇನ್ ಇಬ್ಬರೂ ಇರುತ್ತಾರೆ. ಬೇನ್ ಅವರಿಗೆ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಸತತ ಮೂರು ಸಲ ಬಂದದ್ದು ಸುಮ್ನೆ ಅಲ್ಲ. ಕಲ್ಪನೆಯ ದೇಶಗಳ ಗೋಡೆ ಮೇಲಿನ ಬೋರ್ಡುಗಳನ್ನೂ ಓದಿ. ಇಂಗ್ಲಿಷ್ ಬಲ್ಲವರಿಗೆ ಅರ್ಥವಾಗುವಂತೆ ಕಟ್ಟಿದ ಸುಳ್ಳು ಭಾಷೆ ಅದು. ಕೊನೆಯ ಎರಡು ಸೀಸನ್ನಿನಲ್ಲಿ ಹೆಚ್ಚಾಗಿ ಅಮೆರಿಕದ ಗ್ಯಾಂಗ್‌ಸ್ಟರ್‌ಗಳೇ ಎದುರಾಳಿಗಳು, ನನಗೆ ಅವು ಅಷ್ಟಕ್ಕಷ್ಟೆ.

1988ರಲ್ಲಿ ಹಾಲಿವುಡ್ ಲೇಖಕರು ಮುಷ್ಕರ ಹೂಡಿದಾಗ ಸೀರಿಯಲ್ ಮತ್ತೆ ಬಂತು, ಕೆಲವು ಹಳೇ ಸ್ಕ್ರಿಪ್ಟ್‌ಗಳನ್ನೇ ತೆಗೆದು ಹೊಸದಾಗಿ ಚಿತ್ರೀಕರಿಸಿದರು. ಅದನ್ನು ಮೂಲ ನೋಡಿದ ಮೇಲೆ ನೋಡಿ.