ಹಳೆ ಕೋವಿಯ ನಳಿಗೆ ಅಳೆಯುವುದು ಹೇಗೆ?

ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಅಂದರೆ ಕೊಡವರ ಆಯುಧಪೂಜೆಯ ಹಬ್ಬ, ಹತ್ತಿರ ಬಂತೆಂದರೆ ಕೊಡಗಿನ ಮನೆಮನೆಯಲ್ಲೂ ಕೋವಿ ಹೊರಗೆ ಬರುತ್ತದೆ. ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗೆ ಇಡುತ್ತೇವೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಜ್ಜನ ಕಾಲದ ಜೋಡುನಳಿಗೆಗೆ ಅಂಗಡಿಯಲ್ಲಿ ಸಿಕ್ಕಿದ ತೋಟೆ ತುಂಬಿ ಹೊಡೆದೇಬಿಡುತ್ತಾರೆ. ನಳಿಗೆ ಅದನ್ನು ತಡೆಯುತ್ತದಾ ಅಂತ ಅಳೆದು ನೋಡಿದವರು ಕಮ್ಮಿ. ಅಳೆದವರೂ ತಪ್ಪು ಜಾಗದಲ್ಲಿ ಅಳೆಯುತ್ತಾರೆ.

ಹೋದ ವರ್ಷ ಪಕ್ಕದ ಮನೆಯ ಹುಡುಗ ವರ್ನಿಯರ್ ಕ್ಯಾಲಿಪರ್ ಹಿಡಿದು ಬಂದ. "ಮಾವ, ಬಾಯಲ್ಲಿ 17.6 ಮಿಲಿಮೀಟರ್ ಇದೆ, ಇದು 14 ಬೋರ್ ಅಲ್ವಾ?" ಅಂದ. ಅಲ್ಲ. ಬೋರ್ ಅಂದರೆ ನಳಿಗೆಯ ಒಳಗಿನ ಅಗಲ, ಇದು ಚೋಕ್ ಇರುವ 12 ಬೋರ್. ಫುಲ್ ಚೋಕ್ ಅಂದರೆ ಬಾಯಿ ಹತ್ತಿರ ನಳಿಗೆ ಸುಮಾರು 1 ಮಿಲಿಮೀಟರ್ ಕಿರಿದಾಗಿರುತ್ತದೆ. ಕ್ಯಾಲಿಪರಿನ ದವಡೆ ಅಲ್ಲಿಗಷ್ಟೇ ಮುಟ್ಟುತ್ತದೆ, ಒಳಗಿನ ಬೋರ್ ಅದಕ್ಕೆ ಸಿಗುವುದೇ ಇಲ್ಲ.

ಮೊದಲು ಕೋವಿಯನ್ನು ಕೀಲಿನಲ್ಲಿ ಬಾಗಿಸಿ ತೆರೆದು ಎರಡೂ ನಳಿಗೆ ಖಾಲಿ ಇದೆಯಾ ನೋಡಿ, ತೋಟೆಗಳನ್ನು ಬೇರೆ ಕೋಣೆಗೆ ಕಳಿಸಿ. ಇದನ್ನು ಎರಡು ಸಲ ಮಾಡಿ.

ಆಮೇಲೆ ಮುಂದಿನ ಮರ ಕಳಚಿ ನಳಿಗೆ ಬೇರೆ ಮಾಡಿ, ಬುಡದ ಅಡಿಭಾಗದ ಚಪ್ಪಟೆ ಜಾಗ ನೋಡಿ. ಹಳೆ ಗ್ರೀಸ್ ಕಪ್ಪಗೆ ಕೂತಿರುತ್ತದೆ, ಹಲ್ಲುಜ್ಜುವ ಬ್ರಷ್‌ಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಉಜ್ಜಿದರೆ ಕಿರೀಟದ ಗುರುತು, ಅಂಕಿಗಳು ಮೇಲೆ ಬರುತ್ತವೆ. ಇಂಗ್ಲೆಂಡಿನ ಕೋವಿಗಳನ್ನು ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನಲ್ಲಿ ಪರೀಕ್ಷಿಸಿ ಹಾಕಿದ ಮುದ್ರೆ ಅದು. 12 ಅಂತ ಇದ್ದರೆ ಬೋರ್ .729 ಇಂಚು, ಅಂದರೆ 18.5 ಮಿಲಿಮೀಟರ್. 13/1 ಅಂದರೆ .719, 13 ಅಂದರೆ .710, 12/1 ಅಂದರೆ .740. ಇವೆಲ್ಲ 12 ಬೋರ್ ತೋಟೆಯ ಕೋವಿಗಳೇ. 1950ರ ದಶಕದ ಮಧ್ಯದಿಂದ ಈಚೆಗೆ ಆದವುಗಳಲ್ಲಿ .729 ಅಂತ ನೇರವಾಗಿಯೇ ಬರೆದಿರುತ್ತದೆ. ಬೋರ್ ಲೆಕ್ಕ ಹುಟ್ಟಿದ್ದು ಸೀಸದಿಂದ: ಒಂದು ಪೌಂಡ್ ಸೀಸದಲ್ಲಿ 12 ಸಮ ಗುಂಡು ಮಾಡಿದರೆ ಒಂದು ಗುಂಡಿನ ದಪ್ಪ 12 ಬೋರ್. ಅದಕ್ಕೇ ಅಂಕಿ ಏರಿದಂತೆ ನಳಿಗೆ ಸಣ್ಣದು. .410 ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ನೇರ ಇಂಚಿನ ಅಳತೆ.

ಈಗ ಮುಖ್ಯ ಕೆಲಸ. ನಳಿಗೆ ಪೂರ್ತಿ ಚೊಕ್ಕವಾಗಿರಬೇಕು. ಕಂಚಿನ ಬ್ರಷ್ ಹಾಕಿ ಸೀಸದ ಪಟ್ಟಿ ತೆಗೆಯಿರಿ, ಒಣ ಬಟ್ಟೆ ಎಳೆದು ಎಣ್ಣೆಯನ್ನೂ ತೆಗೆಯಿರಿ, ಇಲ್ಲದಿದ್ದರೆ ನೀವು ಅಳೆಯುವುದು ಕೊಳೆಯನ್ನು. ಎಮರಿ ಕಾಗದ ಮಾತ್ರ ಬೇಡವೇ ಬೇಡ. ನಮ್ಮ ಮಳೆಗೆ ನಳಿಗೆಯಲ್ಲಿ ತುಕ್ಕಿನ ಗುಳಿ ಬೀಳುವುದು ಸಹಜ, ಅದನ್ನು ಮುಚ್ಚಲು ಕೆಲವರು ಒಳಗೆಲ್ಲ ಉಜ್ಜಿ ಕನ್ನಡಿ ಥರ ಮಾಡಿ ಮಾರುತ್ತಾರೆ, ಹೊಳಪಿನ ಜೊತೆ ಉಕ್ಕೂ ಹೋಗಿರುತ್ತದೆ.

ಬೇಕಾಗಿರುವುದು ಉದ್ದ ಕೋಲಿನ ಡಯಲ್ ಬೋರ್ ಗೇಜ್. ಟಿ ಆಕಾರದ ಅಗ್ಗದ ಗೇಜುಗಳ ಹಿಡಿ ಗಿಡ್ಡ, ಒಳಗೆ ಮುಟ್ಟುವುದಿಲ್ಲ, ದುಡ್ಡು ದಂಡ. ಗೇಜಿಗೆ ಜೊತೆಗೆ ಕೊಡುವ ಉಂಗುರದಲ್ಲಿ ಸೊನ್ನೆ ಹೊಂದಿಸಿ. ಕೋಲಿನ ಮೇಲೆ 9 ಇಂಚಿಗೆ, ಅಂದರೆ 229 ಮಿಲಿಮೀಟರಿಗೆ, ಟೇಪ್ ಸುತ್ತಿ. ಪ್ರೂಫ್ ಹೌಸ್ ಅಳೆಯುವುದು ಬುಡದಿಂದ ಇಷ್ಟೇ ದೂರದಲ್ಲಿ, ಹಾಗಾಗಿ ನಮ್ಮ ಅಳತೆಯೂ ಅಲ್ಲೇ. ನಳಿಗೆಯನ್ನು ಬಟ್ಟೆ ಸುತ್ತಿ ಮೆಲ್ಲಗೆ ಹಿಡಿಸಿ, ಬುಡದ ಕಡೆಯಿಂದ ಗೇಜನ್ನು ಇಳಿಸಿ, ಟೇಪ್ ಬುಡಕ್ಕೆ ಬಂದಾಗ ನಿಲ್ಲಿಸಿ. ಎರಡು ಮೊನೆಯ ಗೇಜಾದರೆ ಕೋಲನ್ನು ತುಸು ಹಿಂದೆ ಮುಂದೆ ವಾಲಿಸಿ. ಮುಳ್ಳು ಇಳಿದು ಮತ್ತೆ ಏರುತ್ತದೆ, ತಿರುಗುವ ಆ ಕನಿಷ್ಠ ಅಂಕಿಯೇ ನಿಜ. ಬರೆದುಕೊಳ್ಳಿ. ಗೇಜನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ. ಎರಡರ ನಡುವೆ ವ್ಯತ್ಯಾಸ ಇದ್ದರೆ ಅಲ್ಲಿ ನಗ್ಗಿರಬಹುದು. ಅವಸರ ಮಾಡಬೇಡಿ, ಪ್ರತಿ ನಳಿಗೆಗೂ ಮೂರು ಸಲ ಅಳೆಯಿರಿ.

ಮುದ್ರೆಯ ಅಂಕಿಗಿಂತ .010 ಇಂಚು, ಅಂದರೆ ಕಾಲು ಮಿಲಿಮೀಟರ್, ಹಿಗ್ಗಿದ್ದರೆ ಆ ಕೋವಿಯ ಪ್ರೂಫ್, ಅಂದರೆ ಪರೀಕ್ಷೆಯ ಖಾತರಿ, ಹೋದಂತೆ. ನಮ್ಮ ಅತ್ತೆ ಮನೆಯ ಕೋವಿಯಲ್ಲಿ ಮುದ್ರೆ 12, ಅಳತೆ .743 ಬಂತು. ಅದು ಈಗ ಪೂಜೆಗೆ ಮಾತ್ರ. ನಳಿಗೆಯ ಗೋಡೆಯೂ ಮುಖ್ಯ, .020 ಇಂಚಿಗಿಂತ ತೆಳುವಿದ್ದರೆ ಹೊಡೆಯುವುದು ಬೇಡ ಎನ್ನುವುದು ನನ್ನ ಖಚಿತ ಮಾತು. ಹೊರಗಿನ ಅಳತೆಯಿಂದ ಒಳಗಿನದನ್ನು ಕಳೆದು ಅರ್ಧ ಮಾಡುವ ಸುಲಭದ ದಾರಿಯನ್ನು ನಂಬಬೇಡಿ. ಸಿಗುವುದು ಸರಾಸರಿ, ಒಂದು ಪಕ್ಕ ಕಾಗದದಷ್ಟು ತೆಳ್ಳಗಿದ್ದರೂ ಗೊತ್ತಾಗುವುದಿಲ್ಲ.

ತೋಟೆ ಕೂರುವ ಚೇಂಬರಿನ ಉದ್ದ ಮರೆಯಬೇಡಿ. ಹಳೆ 12 ಬೋರುಗಳಲ್ಲಿ ಹೆಚ್ಚಿನವು ಎರಡೂವರೆ ಇಂಚು, 65 ಮಿಲಿಮೀಟರ್. 70ರ ತೋಟೆಯೂ ಅದರೊಳಗೆ ಸಲೀಸಾಗಿ ಕೂರುತ್ತದೆ, ಯಾಕೆಂದರೆ ಅದರ ಬಾಯಿ ಮಡಚಿರುತ್ತದೆ. ಮೋಸ ಇರುವುದೇ ಅಲ್ಲಿ. ಹೊಡೆದಾಗ ಮಡಿಕೆ ಬಿಚ್ಚಿ ಮುಂದಿನ ಕಿರಿದಾದ ಜಾಗಕ್ಕೆ ಚಾಚುತ್ತದೆ, ಒತ್ತಡ ಏರುತ್ತದೆ. ಡಬ್ಬಿಯ ಮೇಲಿನ ಅಂಕಿ ಓದಿ. ಸುರುಳಿ ಗೆರೆಯ ಡಮಾಸ್ಕಸ್ ನಳಿಗೆಯಲ್ಲಿ ನೈಟ್ರೋ ಪ್ರೂಫ್ (ಹೊಗೆರಹಿತ ಮದ್ದಿಗೆ ಪರೀಕ್ಷಿಸಿದ) ಮುದ್ರೆ ಇಲ್ಲದಿದ್ದರೆ ಈಗಿನ ತೋಟೆ ಹಾಕಲೇಬೇಡಿ.

ಕೀಲು ನೋಡುವುದು ಸುಲಭ. ಮುಂದಿನ ಮರ ತೆಗೆದು, ನಳಿಗೆಯನ್ನು ಕೂಡಿಸಿ ಮುಚ್ಚಿ, ಹಿಡಿ ಹಿಡಿದು ಅಲ್ಲಾಡಿಸಿ. ಲೊಟಲೊಟ ಅಂದರೆ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಒಯ್ಯಿರಿ. ನಳಿಗೆಯನ್ನು ಕೊಕ್ಕೆಗೆ ನೇತುಹಾಕಿ ಬೆರಳ ಗೆಣ್ಣಿನಿಂದ ತಟ್ಟಿ, ಗಂಟೆಯ ಹಾಗೆ ನಾದ ಬರಬೇಕು. ಮಂಕು ಸದ್ದು ಬಂದರೆ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿರಬಹುದು.

ಕಡೆಗೆ ಹೆಗಲಿಗೆ ಹೊಂದುತ್ತದಾ ನೋಡಿ. ಬಟ್ಟನ್ನು, ಅಂದರೆ ಕೋವಿಯ ಹಿಂದಿನ ಮರದ ತುದಿಯನ್ನು, ಮೊಣಕೈಗೆ ಇಟ್ಟು ಅಳೆಯುವುದನ್ನು ನಾನು ನಂಬುವುದಿಲ್ಲ. ಸ್ಪರ್ಧೆಗೆ ಕುಪ್ಯ (ಕೊಡವರ ಉದ್ದ ಅಂಗಿ) ಹಾಕಿಕೊಳ್ಳುವುದಾದರೆ ಅದನ್ನೇ ಹಾಕಿಕೊಂಡು, ಖಾಲಿ ಕೋವಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕಣ್ಣು ಮುಚ್ಚಿ ಹೆಗಲಿಗೇರಿಸಿ, ಆಮೇಲೆ ಕಣ್ಣು ಬಿಡಿ. ನಳಿಗೆಯ ಮೇಲ್ಪಟ್ಟಿ ಪೂರ್ತಿ ಕಂಡರೆ ಕೆನ್ನೆ ಮರ ಎತ್ತರ, ಮುಂದಿನ ಮಣಿಯೇ ಕಾಣದಿದ್ದರೆ ತಗ್ಗು. ಹೆಬ್ಬೆರಳಿಗೂ ಮೂಗಿಗೂ ಎರಡು ಬೆರಳ ಅಂತರ ಇರಲಿ. ಗಿಡ್ಡವಾದರೆ ಬುಡಕ್ಕೆ ಚರ್ಮದ ಪ್ಯಾಡ್ ಹಾಕಿ ಒಂದು ವಾರ ಎತ್ತಿ ನೋಡಿ. ಉದ್ದವಾದರೂ ಗರಗಸಕ್ಕೆ ಕೈ ಹಾಕುವ ಮೊದಲು ಎಷ್ಟು ಕತ್ತರಿಸಬೇಕು ಅಂತ ಪೆನ್ಸಿಲ್ ಗೆರೆ ಎಳೆದು ಇಡಿ.